ಅಮ್ಮನ ಮನೆ ಖಾಲಿ ಮಾಡಿದ ವರ್ಷ

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತವರಲ್ಲಿ ಅರ್ಧ ಜನ ನನ್ನ ವಯಸ್ಸಿನವರು. ಅರವತ್ತರ ಆಚೆ ಈಚೆ. ನಮಗೇ ಮಂಡಿ ನೋವು ಶುರುವಾಗಿದೆ. ಊರಲ್ಲಿ ಎಂಬತ್ತರ ಹತ್ತಿರದ ಅಪ್ಪನೋ ಅಮ್ಮನೋ ದೊಡ್ಡ ಮನೆಯಲ್ಲಿ ಒಬ್ಬರೇ ಇದ್ದಾರೆ. ಇನ್ನರ್ಧ ಜನ ಆ ದೊಡ್ಡ ಮನೆಯಲ್ಲಿ ಇರುವವರು. ಹಾಗಾಗಿ ಇವತ್ತು ನಾನು ಮಕ್ಕಳಿಗೂ ಹೇಳಬೇಕು, ಹಿರಿಯರಿಗೂ ಕೇಳಿಸಬೇಕು. ಇಬ್ಬರೂ ಒಂದೇ ಕಡೆ ಕೂತಿರುವುದು ಒಳ್ಳೆಯದೇ ಆಯಿತು.

ನಾನು ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತಿಯಾದವಳು. ಶಿವಮೊಗ್ಗದಲ್ಲಿ ಇದ್ದೇನೆ. ನನ್ನ ಅಮ್ಮ ಸಾಗರ ತಾಲೂಕಿನ ಒಂದು ಹಳ್ಳಿಯಲ್ಲಿ, ಅಡಿಕೆ ತೋಟದ ನಡುವಿನ ಹೆಂಚಿನ ಮನೆಯಲ್ಲಿ ಅರವತ್ತು ವರ್ಷದ ಹತ್ತಿರ ಸಂಸಾರ ಮಾಡಿದವಳು. 2023ರ ಏಪ್ರಿಲ್‌ನಲ್ಲಿ ಅವಳು ಆ ಮನೆ ಬಿಟ್ಟು ಚಿಕ್ಕ ಮನೆಗೆ ಬಂದಳು. ಅದಕ್ಕೆ ನಮಗೆ ಎಂಟು ತಿಂಗಳು ಹಿಡಿಯಿತು. ಆ ಎಂಟು ತಿಂಗಳಲ್ಲಿ ನಾನು ಸರಿ ಮಾಡಿದ್ದನ್ನೂ ತಪ್ಪು ಮಾಡಿದ್ದನ್ನೂ ಹೇಳುತ್ತೇನೆ.

ಶುರುವಾಗಿದ್ದು 2022ರ ಮಳೆಗಾಲದಲ್ಲಿ. ಮಲೆನಾಡಿನ ಮಳೆಗಾಲ ನಿಮಗೆ ಗೊತ್ತು. ಅಂಗಳ ಪಾಚಿ ಕಟ್ಟುತ್ತದೆ. ಅಪ್ಪ ಇದ್ದಾಗ ಜೂನ್ ಬರುವ ಮೊದಲೇ ಕೊಟ್ಟಿಗೆಗೆ ಹೋಗುವ ದಾರಿಗೆ ಅಡಿಕೆ ಮರ ಸೀಳಿದ ದಬ್ಬೆ ಹಾಸಿಸುತ್ತಿದ್ದರು. ಅಪ್ಪ ಹೋದಮೇಲೆ ಆ ಕೆಲಸ ಒಂದು ವರ್ಷ ಆಯಿತು, ಒಂದು ವರ್ಷ ಇಲ್ಲ. ಆ ವರ್ಷ ಆಗಿರಲಿಲ್ಲ. ಅಮ್ಮ ಜಾರಿ ಬಿದ್ದಳು. ಮಣಿಕಟ್ಟು ಮುರಿಯಿತು. ಬಿದ್ದಿದ್ದು ಬೆಳಗ್ಗೆ ಆರಕ್ಕೆ, ಯಾರಾದರೂ ನೋಡಿದ್ದು ಏಳೂವರೆಗೆ. ಆ ಒಂದೂವರೆ ಗಂಟೆ ಮಳೆಯಲ್ಲೇ ಕೂತಿದ್ದಳು.

ಗಣೇಶನ ಹಬ್ಬಕ್ಕೆ ಮೂವರು ಮಕ್ಕಳೂ ಸೇರಿದೆವು. ಅಣ್ಣ ಬೆಂಗಳೂರಿನವನು, ಒಂಬತ್ತನೇ ಮಹಡಿಯ ಫ್ಲಾಟ್. ತಮ್ಮ ಅಮೆರಿಕದಲ್ಲಿದ್ದಾನೆ, ಅವನು ವಿಡಿಯೋ ಕಾಲಿನಲ್ಲಿ. ಮೂರು ರಾತ್ರಿ ಜಗಲಿಯಲ್ಲಿ ಕೂತು ಮಾತಾಡಿದೆವು. ಅಮ್ಮ ಎಲ್ಲಿರಬೇಕು? ಬೆಂಗಳೂರಾ, ಶಿವಮೊಗ್ಗನಾ? ಅಣ್ಣನ ಮನೆಯಲ್ಲಿ ಆರು ತಿಂಗಳು, ನನ್ನ ಮನೆಯಲ್ಲಿ ಆರು ತಿಂಗಳು ಅಂದರೆ ಹೇಗೆ? ದನಿ ಏರಿತ್ತು ಕೂಡ. ಮೂರನೇ ರಾತ್ರಿ ಅಮ್ಮ ಕಷಾಯ ತಂದಳು. ಲೋಟಗಳನ್ನು ಇಡುತ್ತಾ ಹೇಳಿದಳು:

"ಮುಳುಗಡೆ ಟೈಮಲ್ಲೂ ಹಿಂಗೇ ಆಗಿತ್ತು. ಗಂಡಸರೆಲ್ಲ ಜಗಲಿ ಮೇಲೆ ಕೂತು ಮಾತಾಡ್ತಿದ್ರು. ನಮಗೆ ಗೊತ್ತಾಗಿದ್ದು ಲಾರಿ ಬಂದ ದಿನ."

ಶರಾವತಿ ಕಡೆಯವರಿಗೆ ಮುಳುಗಡೆ ಅಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಬೇರೆ ಕಡೆಯವರಿಗಾಗಿ ಹೇಳುತ್ತೇನೆ. ಲಿಂಗನಮಕ್ಕಿ ಅಣೆಕಟ್ಟು ಮುಗಿದಿದ್ದು 1964ರಲ್ಲಿ. ಜೋಗದ ವಿದ್ಯುತ್ತಿಗಾಗಿ ಕಟ್ಟಿದ್ದು. ಇಡೀ ರಾಜ್ಯದ ಮನೆಗಳಿಗೆ ಬೆಳಕು ಬಂತು. ಆ ನೀರಿನಡಿ ಎಷ್ಟೋ ಊರು, ಗದ್ದೆ, ತೋಟ, ದೇವಸ್ಥಾನ ಹೋದವು. ಜನ ಲಾರಿ ಹತ್ತಿ ಕಾಡಿನ ಅಂಚಿನ ಜಾಗಗಳಿಗೆ ಬಂದರು. ಅವರಲ್ಲಿ ಎಷ್ಟೋ ಕುಟುಂಬಗಳಿಗೆ ಅರವತ್ತು ವರ್ಷವಾದರೂ ಜಾಗದ ಹಕ್ಕುಪತ್ರ ಸರಿಯಾಗಿ ಆಗಿಲ್ಲ. ಅಮ್ಮನ ತವರು ಆ ನೀರಿನಡಿ ಇದೆ. ಆಗ ಅವಳಿಗೆ ಹತ್ತೊಂಬತ್ತು ವರ್ಷ.

ಅಂದರೆ ನಮ್ಮ ಅಮ್ಮ ಒಂದು ಸಲ ಯಾರೂ ಕೇಳದೆ ಮನೆ ಬಿಟ್ಟವಳು. ಎರಡನೇ ಸಲವೂ ನಾವು ಅದನ್ನೇ ಮಾಡಲು ಹೊರಟಿದ್ದೆವು, ತುಂಬ ಪ್ರೀತಿಯಿಂದ.

ಆಮೇಲೆ ಕೇಳಿದೆವು. ಅಮ್ಮ, ನಿನಗೆ ಎಲ್ಲಿ ಇರಬೇಕು ಅನ್ನಿಸುತ್ತದೆ? ಅವಳು ಒಂದು ಕ್ಷಣವೂ ಯೋಚಿಸಲಿಲ್ಲ. "ಸಾಗರದಲ್ಲಿ ಒಂದು ಸಣ್ಣ ಮನೆ ಮಾಡ್ಕೊಡಿ" ಅಂದಳು.

ನಮ್ಮ ಮೂವರ ತಲೆಗೂ ಅದು ಹೊಳೆದಿರಲಿಲ್ಲ. ವಯಸ್ಸಾದವರು ಮಕ್ಕಳ ಮನೆಗೇ ಬರಬೇಕು ಅಂತ ನಾವು ಅಂದುಕೊಂಡುಬಿಟ್ಟಿದ್ದೆವು. ಅವಳ ಲೆಕ್ಕ ಬೇರೆ ಇತ್ತು. ನಲವತ್ತು ವರ್ಷದಿಂದ ತೋರಿಸುವ ಡಾಕ್ಟರು ಸಾಗರದಲ್ಲಿ. ರವಿಕೆ ಹೊಲಿಯುವವಳು ಅಲ್ಲೇ. ನಾದಿನಿಯ ಮನೆ ಗಣಪತಿ ಕೆರೆ ಹತ್ತಿರ. ಮುಖ್ಯವಾದ ಮಾತು ಇದು: ಊರಿನವರಿಗೆ ತಾಲೂಕು ಆಫೀಸು, ಆಸ್ಪತ್ರೆ, ಸಂತೆ, ಮದುವೆ ಜವಳಿ ಎಲ್ಲದಕ್ಕೂ ಸಾಗರವೇ. "ಬಸ್ಸು ಬರೋ ತನಕ ನಮ್ಮನೇಲಿ ಕೂತು ಹೋಗ್ತಾರೆ. ಬೆಂಗಳೂರಿಗೆ ಯಾರು ಬರ್ತಾರೆ ಮಾರಾಯ್ತಿ?" ಅಂದಳು. ಎರಡು ವರ್ಷದ ಮೇಲಾಯಿತು. ಅವಳು ಹೇಳಿದ್ದು ಅಕ್ಷರಶಃ ನಿಜವಾಗಿದೆ. ವಾರಕ್ಕೆ ನಾಲ್ಕೈದು ಜನ ಬಂದು ಹೋಗುತ್ತಾರೆ. ನನ್ನ ಮನೆಗೆ ಅಷ್ಟು ಜನ ಬರುವುದಿಲ್ಲ.

ಎಲ್ಲರಿಗೂ ಇದು ಹೊಂದುತ್ತದೆ ಅಂತ ನಾನು ಹೇಳುತ್ತಿಲ್ಲ. ಮರೆವಿನ ಕಾಯಿಲೆ ಇದ್ದರೆ, ಎದ್ದು ಓಡಾಡಲು ಆಗದಿದ್ದರೆ ಮಕ್ಕಳ ಜೊತೆಗೋ ನೋಡಿಕೊಳ್ಳುವವರು ಇರುವ ಕಡೆಗೋ ಹೋಗಲೇಬೇಕಾಗುತ್ತದೆ. ಆದರೆ ಕೈಕಾಲು ಆಡುವವರಿಗೆ ಹಳ್ಳಿ ಮನೆ ಮತ್ತು ಮಹಾನಗರದ ನಡುವೆ ಪರಿಚಯದ ಒಂದು ಪೇಟೆ ಇರುತ್ತದೆ. ಅದನ್ನು ಒಮ್ಮೆ ಯೋಚಿಸಿ.

ಇನ್ನು ಸಾಮಾನಿನ ವಿಷಯ. ಎಲ್ಲರಿಗೂ ಕಷ್ಟವಾಗುವುದು ಇದೇ, ಅಲ್ವಾ?

ಹತ್ತು ಕೋಣೆಯ ಮನೆ. ಮೇಲೆ ಅಟ್ಟ. ಹೋಗುವ ಮನೆ ಎರಡು ಕೋಣೆ, ಒಂದು ಅಡುಗೆಮನೆ. ಡಿಸೆಂಬರಿನಲ್ಲಿ ತಮ್ಮ ಎರಡು ವಾರ ರಜೆ ಹಾಕಿ ಬಂದ. ಅಷ್ಟರಲ್ಲಿ ಎಲ್ಲ ಮುಗಿಸಬೇಕು ಅಂತ ಅವನ ಆಸೆ. ಹೊರದೇಶದಲ್ಲಿರುವ ಮಕ್ಕಳ ಕಷ್ಟ ನನಗೆ ಅರ್ಥವಾಗುತ್ತದೆ. ಅವರಿಗೆ ಇರುವುದೇ ಆ ಎರಡು ವಾರ. ಆದರೆ ಅರವತ್ತು ವರ್ಷ ಸೇರಿಸಿದ್ದನ್ನು ಹದಿನಾಲ್ಕು ದಿನದಲ್ಲಿ ಬಿಡಿಸಲು ಆಗುವುದಿಲ್ಲ. ಬಿಡಿಸಬಾರದು.

ಒಂದು ದಿನ ಅಮ್ಮ ಪಕ್ಕದ ಊರಿಗೆ ಉಪನಯನಕ್ಕೆ ಹೋಗಿದ್ದಳು. ನಾವಿಬ್ಬರು ಬಚ್ಚಲುಮನೆ ಖಾಲಿ ಮಾಡಿದೆವು. ಅಲ್ಲಿ ಒಂದು ತಾಮ್ರದ ಹಂಡೆ ಇತ್ತು. ಹೊರಗೆಲ್ಲ ಮಸಿ, ಒಂದು ಬೆರಳು ದಪ್ಪ. ತಳದಲ್ಲಿ ತೂತು ಬಿದ್ದು, ಅಪ್ಪ ಒಂದು ಸಲ ಬೆಸುಗೆ ಹಾಕಿಸಿದ್ದರು, ಅದೂ ಬಿಟ್ಟಿತ್ತು. ವರ್ಷಗಳಿಂದ ನೀರು ಕಾಯಿಸಿರಲಿಲ್ಲ. ಅದರೊಳಗೆ ತೆಂಗಿನ ಸಿಪ್ಪೆ ತುಂಬಿಡುತ್ತಿದ್ದರು. ಹೊಸ ಮನೆಗೆ ಗೀಸರ್ ಇದೆ. ಹಂಡೆ ಎಂತಕ್ಕೆ? ಕಾರಿನ ಡಿಕ್ಕಿಗೆ ಹಾಕಿಕೊಂಡು ಹೋಗಿ ಪಾತ್ರೆ ಅಂಗಡಿಯಲ್ಲಿ ತೂಕಕ್ಕೆ ಹಾಕಿ ಬಂದೆವು. ಹದಿನೈದು ಕೆಜಿ ಚಿಲ್ಲರೆ ಬಂತು.

ಸಂಜೆ ಅಮ್ಮ ಬಂದಳು. ಕಾಲು ತೊಳೆಯಲು ಬಚ್ಚಲಿಗೆ ಹೋದಳು. ಒಲೆಯ ಮೇಲೆ ಹಂಡೆ ಕೂತಿದ್ದ ಜಾಗದಲ್ಲಿ ಒಂದು ದುಂಡನೆಯ ಗುರುತು ಮಾತ್ರ ಇತ್ತು. ಒಳಗೆ ಬಂದು ಏನೂ ಹೇಳಲಿಲ್ಲ. ಊಟಕ್ಕೆ ಬಡಿಸಿದಳು. ಮರುದಿನ ಬೆಳಗ್ಗೆ ಕಾಫಿ ಕೊಡುವಾಗ ಕೇಳಿದಳು, "ಎಷ್ಟು ಸಿಕ್ತು?" ನಾನು ಮೊತ್ತ ಹೇಳಿದೆ. "ಹೂಂ" ಅಂದಳು. ಅಷ್ಟೇ.

ವಾರ ಕಳೆದು ಅಮ್ಮನ ನಾದಿನಿಯ ಬಾಯಲ್ಲಿ ನನಗೆ ಗೊತ್ತಾಯಿತು. ಆ ಹಂಡೆ ಅಮ್ಮನ ತವರಿನದು. ಮುಳುಗಡೆ ಲಾರಿಯಲ್ಲಿ ಬಂದಿದ್ದು. ಆ ಮನೆಯ ಸಾಮಾನಿನಲ್ಲಿ ಅಮ್ಮನ ಹತ್ತಿರ ಉಳಿದಿದ್ದು ಅದೊಂದೇ. ನಾನು ಅಂಗಡಿಗೆ ಓಡಿದೆ. ಕರಗಿಸಲು ಹೋಗಿಯಾಗಿತ್ತು.

ಇದನ್ನು ಹೇಳುವುದು ನನಗೆ ಈಗಲೂ ಸುಲಭವಲ್ಲ. ಆದರೆ ಹೇಳಬೇಕು. ಯಾಕೆಂದರೆ ನಿಮ್ಮಲ್ಲಿ ಯಾರೋ ಈ ಭಾನುವಾರ ಊರಿಗೆ ಹೋಗುತ್ತೀರಿ. ಅಮ್ಮ ದೇವಸ್ಥಾನಕ್ಕೆ ಹೋದಾಗ ಬೇಗ ಬೇಗ ಒಂದಿಷ್ಟು ತೆಗೆದುಬಿಡೋಣ ಅನ್ನಿಸುತ್ತದೆ. ದಯವಿಟ್ಟು ಮಾಡಬೇಡಿ. ಅವರು ಮನೆಯಲ್ಲಿಲ್ಲದಾಗ ಒಂದು ಚಮಚವನ್ನೂ ಕದಲಿಸಬೇಡಿ.

ಆ ದಿನದ ಮೇಲೆ ನಾವು ಬೇರೆ ಥರ ಕೆಲಸ ಶುರು ಮಾಡಿದೆವು. ಒಂದು ಇನ್ನೂರು ಪುಟದ ನೋಟ್‌ಬುಕ್ ತಂದೆ. ಪ್ರತಿ ಪುಟದಲ್ಲಿ ಗೆರೆ ಎಳೆದು ಮೂರು ಅಂಕಣ ಮಾಡಿದೆ. ಯಾವ ವಸ್ತು, ಎಲ್ಲಿಂದ ಬಂತು, ಯಾರಿಗೆ. ದಿನಕ್ಕೆ ಎರಡು ಗಂಟೆ, ಬೆಳಗ್ಗೆ ತಿಂಡಿ ಆದಮೇಲೆ. ಮಧ್ಯಾಹ್ನದ ಮೇಲೆ ಅಮ್ಮನಿಗೆ ಆಯಾಸ, ಆಯಾಸದಲ್ಲಿ ತೀರ್ಮಾನ ತಗೊಳ್ಳಬಾರದು. ನಾನು ತಿಂಗಳಿಗೆ ಎರಡು ಸಲ ತಾಳಗುಪ್ಪ ರೈಲು ಹತ್ತಿ ಹೋಗಿ ನಾಲ್ಕು ದಿನ ಇದ್ದು ಬರುತ್ತಿದ್ದೆ.

ಆಗ ಒಂದು ವಿಷಯ ಕಂಡೆ. ಇವತ್ತು ನಿಮ್ಮ ಮುಂದೆ ಹೇಳಬೇಕೆಂದು ಬಂದ ಮುಖ್ಯ ಮಾತು ಅದೇ. ಮೊದಲು ನಾನು ಪ್ರತಿ ಸಾಮಾನು ಎತ್ತಿ "ಅಮ್ಮ, ಇದು ಬೇಕಾ?" ಅಂತ ಕೇಳುತ್ತಿದ್ದೆ. "ಇರಲಿ" ಅನ್ನುತ್ತಿದ್ದಳು. ಎಲ್ಲದಕ್ಕೂ "ಇರಲಿ". ಹಿಡಿ ಇಲ್ಲದ ಸಟ್ಟುಗಕ್ಕೂ "ಇರಲಿ". ನನಗೆ ಸಿಟ್ಟು ಬರುತ್ತಿತ್ತು. ಒಂದು ದಿನ ಸುಮ್ನೆ ಪ್ರಶ್ನೆ ಬದಲಾಯಿಸಿದೆ. "ಅಮ್ಮ, ಇದನ್ನು ಯಾರಿಗೆ ಕೊಡೋಣ?" ಅಂದೆ. ಅವಳ ಮುಖವೇ ಬದಲಾಯಿತು. "ಮೆಟ್ಟುಗತ್ತಿ ಚಿಕ್ಕಿ ಮಗಳಿಗೆ, ಅವಳಿಗೆ ಹಲಸಿನಕಾಯಿ ಹೆಚ್ಚೋದು ಇದ್ದೇ ಇರ್ತು. ಕೊಪ್ಪರಿಗೆ ದೇವಸ್ಥಾನಕ್ಕೆ. ತೊಟ್ಟಿಲು ಕೆಳಗಿನ ಮನೆ ಸೊಸೆಗೆ, ಅವಳಿಗೀಗ ಐದು ತಿಂಗಳು." ಒಂದು ಬೆಳಗ್ಗೆ ನಲವತ್ತು ಸಾಲು ಬರೆದೆ.

ಯಾಕೆ ಹೀಗೆ? ನನಗೆ ತಿಳಿದ ಮಟ್ಟಿಗೆ ಹೇಳುತ್ತೇನೆ. "ಬೇಕಾ?" ಅಂತ ಕೇಳಿದರೆ ಆ ವಸ್ತುವಿಗೆ ಇನ್ನು ಉಪಯೋಗವಿಲ್ಲ ಅಂದ ಹಾಗೆ. ಕೇಳಿಸಿಕೊಂಡವರಿಗೆ ಅದು ತಮ್ಮ ಬಗ್ಗೆ ಹೇಳಿದ ಹಾಗೆಯೇ ಕೇಳಿಸುತ್ತದೆ. "ಯಾರಿಗೆ?" ಅಂತ ಕೇಳಿದರೆ ಅವರು ಕೊಡುವವರಾಗುತ್ತಾರೆ. ಜೀವನವಿಡೀ ಬಂದವರಿಗೆ ಬಡಿಸಿದವರು, ಹೋಗುವವರ ಕೈಗೆ ಏನಾದರೂ ಇಟ್ಟು ಕಳಿಸಿದವರು ಅವರು. ಆ ಕೆಲಸ ಅವರಿಗೆ ಚೆನ್ನಾಗಿ ಬರುತ್ತದೆ.

ಉಪ್ಪಿನಕಾಯಿ ಜಾಡಿಗಳ ವಿಷಯ ಕೇಳಿ. ಅಮ್ಮನ ಹತ್ತಿರ ಎಂಟು ಜಾಡಿ ಇದ್ದವು. ಚೀನೀ ಮಣ್ಣಿನವು, ಮೇಲೆ ಕಂದು, ಕೆಳಗೆ ಬಿಳಿ. ದೊಡ್ಡದರಲ್ಲಿ ಐನೂರು ಮಾವಿನ ಮಿಡಿ ಹಿಡಿಯುತ್ತಿತ್ತು. ಹೊಸ ಅಡುಗೆಮನೆಯಲ್ಲಿ ಎರಡಕ್ಕೆ ಜಾಗ. ಆರು ಜಾಡಿ ಯಾರಿಗೆ ಅಂತ ತಕ್ಷಣ ಹೇಳಿದಳು, ಹೆಸರು ಬರೆದೆ. ಒಯ್ಯಲು ಹೊರಟರೆ ಬಿಡಲಿಲ್ಲ. "ಖಾಲಿ ಜಾಡಿ ಕೊಡ್ತಾರೇನೇ?"

ಸರಿ, ಮಿಡಿ ಬರುವ ತನಕ ಕಾದೆವು. ಫೆಬ್ರುವರಿ ಕೊನೆಗೆ ಹೊಳೆ ಬದಿಯ ಅಪ್ಪೆಮರದ ಮಿಡಿ ಬಂತು. ತೊಟ್ಟು ಒಂದಿಷ್ಟು ಉಳಿಸಿ, ಸೊನೆ ಒಳಗೇ ಇರುವ ಹಾಗೆ ಬಿಡಿಸಬೇಕು. ಮರದಿಂದ ಕೆಳಗೆ ಬಿದ್ದು ಪೆಟ್ಟಾದ ಮಿಡಿ ಬೇಡ. ಅಮ್ಮ ಕುರ್ಚಿಯ ಮೇಲೆ ಕೂತು ಒಂದೊಂದನ್ನೂ ನೋಡಿ ಆರಿಸಿದಳು. ಮಣಿಕಟ್ಟಿನ ಬಲ ಪೂರ್ತಿ ಬಂದಿರಲಿಲ್ಲ, ಹಾಗಾಗಿ ಕಲ್ಲುಪ್ಪು ಹಾಕಿ ಪದರ ಮಾಡಿದ್ದು ನಾನು ಮತ್ತು ಅತ್ತಿಗೆ. ಮಿಡಿ ಉಪ್ಪಿನಲ್ಲಿ ಚಿರುಟುವ ತನಕ ದಿನಾ ಕೈಯಾಡಿಸಿದೆವು. ಆಮೇಲೆ ಆ ಉಪ್ಪುನೀರನ್ನೇ ಕುದಿಸಿ ಆರಿಸಿ, ಸಾಸಿವೆ ಮೆಣಸಿನ ಖಾರ ಅದರಲ್ಲೇ ರುಬ್ಬಿ ಬೆರೆಸಿದೆವು. ಆರು ಜಾಡಿ ತುಂಬಿ, ಬಾಯಿಗೆ ಬಿಳಿ ಬಟ್ಟೆ ಕಟ್ಟಿ, ಆರು ಮನೆಗೆ ಅಮ್ಮನೇ ಕಾರಿನಲ್ಲಿ ಹೋಗಿ ಕೊಟ್ಟು ಬಂದಳು. ಪ್ರತಿ ಮನೆಯಲ್ಲೂ ಕಾಫಿ ಆಯಿತು. ಪ್ರತಿ ಮನೆಯಲ್ಲೂ ತಾನೇ ಬಾಯಿಬಿಟ್ಟು ಹೇಳಿದಳು, "ನಾನು ಸಾಗರಕ್ಕೆ ಹೋಗ್ತಿದ್ದೇನೆ, ಬನ್ನಿ." ಊರಿಗೆ ವಿದಾಯ ಹೇಳಿದ್ದು ಹಾಗೆ. ತಮ್ಮನ ಎರಡು ವಾರದ ಲೆಕ್ಕದಲ್ಲಿ ಇದೆಲ್ಲ ಆಗುತ್ತಿರಲಿಲ್ಲ.

ಮಕ್ಕಳಿಗೆ ಇನ್ನೊಂದು ಮಾತು. ಅಟ್ಟ ಹತ್ತಿ ನೋಡಿದರೆ ಅಲ್ಲಿದ್ದುದರಲ್ಲಿ ಅರ್ಧ ಅಮ್ಮನದಲ್ಲ, ನಮ್ಮದು. ನನ್ನ ಬಿ.ಕಾಂ. ನೋಟ್ಸು. ಅಣ್ಣನ ಕೇರಂ ಬೋರ್ಡು. ತಮ್ಮ ಅಮೆರಿಕಕ್ಕೆ ಹೋಗುವಾಗ ಬಿಟ್ಟ ಎರಡು ಸೂಟ್‌ಕೇಸು, ಬೀಗದ ಸಮೇತ. ನಮ್ಮ ಮದುವೆಗಳಲ್ಲಿ ಉಡುಗೊರೆ ಬಂದ ಸ್ಟೀಲ್ ಡಬ್ಬಗಳು, ರಟ್ಟಿನ ಪೆಟ್ಟಿಗೆ ಕೂಡ ಒಡೆಯದವು. ಅಮ್ಮ ಇಷ್ಟು ವರ್ಷ ಇಲಿ, ಗೆದ್ದಲಿನಿಂದ ಅವನ್ನು ಕಾಪಾಡಿದ್ದಾಳೆ. ಹೆತ್ತವರಿಗೆ "ಎಷ್ಟು ಸಾಮಾನು ಇಟ್ಟುಕೊಂಡಿದ್ದೀಯ" ಅನ್ನುವ ಮೊದಲು ನಿಮ್ಮದನ್ನು ನೀವು ತೆಗೆಯಿರಿ. ಕೆಲಸ ಅಲ್ಲಿಂದಲೇ ಶುರುವಾಗಲಿ. ಅವರಿಗೂ ಧೈರ್ಯ ಬರುತ್ತದೆ.

ಕಾಗದಪತ್ರ. ನಮ್ಮ ಮನೆಯಲ್ಲಿ ಅದಕ್ಕೇ ಒಂದು ತಗಡಿನ ಪೆಟ್ಟಿಗೆ ಇತ್ತು. 1970ರ ದಶಕದ ಕರೆಂಟ್ ಬಿಲ್ಲಿನಿಂದ ಹಿಡಿದು ಎಲ್ಲ ಇತ್ತು. ಅಮ್ಮ ಒಂದು ಚೀಟಿಯನ್ನೂ ಎಸೆಯಲು ಬಿಡಲಿಲ್ಲ. ಇದು ವಯಸ್ಸಿನ ಹಟ ಅಂದುಕೊಂಡಿದ್ದೆ. ಪೆಟ್ಟಿಗೆಯ ತಳದಲ್ಲಿ ಅಜ್ಜನ ಪರಿಹಾರದ ಕಾಗದ ಸಿಕ್ಕಿತು. ಮುಳುಗಡೆಯಾದ ಜಮೀನಿನದು. ಅದರ ಜೊತೆ ಇರಬೇಕಾಗಿದ್ದ ಇನ್ನೊಂದು ಕಾಗದ ಇಲ್ಲದೆ ಅಜ್ಜ ಎಷ್ಟು ವರ್ಷ ಕಚೇರಿಗೆ ಅಲೆದರು ಅಂತ ಆಗ ಹೇಳಿದಳು. ಕಾಗದ ಕಳೆದರೆ ಏನಾಗುತ್ತದೆ ಅಂತ ಕಣ್ಣಾರೆ ಕಂಡವಳು ಅವಳು. ಹಟಕ್ಕೂ ಒಂದು ಕಾರಣ ಇರುತ್ತದೆ. ಕೇಳಿದರೆ ಸಿಗುತ್ತದೆ.

ಹಾಗಾಗಿ ನಾವು ಎಸೆಯುವುದನ್ನು ಕೊನೆಗೆ ಇಟ್ಟೆವು. ಮೊದಲು ಮುಖ್ಯವಾದವನ್ನು ಬೇರೆ ಮಾಡಿದೆವು: ಪಹಣಿ, ಕ್ರಯಪತ್ರ, ಪಂಚಾಯಿತಿ ಕಂದಾಯದ ರಸೀದಿ, ಇ-ಸ್ವತ್ತಿನ ನಮೂನೆ 9 ಮತ್ತು 11, ಅಪ್ಪನ ಮರಣ ಪ್ರಮಾಣಪತ್ರ, ಪಿಂಚಣಿ ಪಾವತಿ ಆದೇಶ (ಪಿಪಿಓ), ಠೇವಣಿ ರಸೀದಿ, ಎಲ್‌ಐಸಿ ಬಾಂಡು. ಎಲ್ಲದಕ್ಕೂ ಫೋಟೋ ತೆಗೆದು ಮೂವರು ಮಕ್ಕಳ ಫೋನಿಗೂ ಹಾಕಿದೆವು. ಮೂಲ ಕಾಗದ ಅಮ್ಮನ ಬೀರುವಿನಲ್ಲಿ, ಕೀಲಿ ಅಮ್ಮನ ಹತ್ತಿರ.

ನಿಮ್ಮ ಅಟ್ಟದಲ್ಲಿ ತಾಳೆಗರಿ ಕಟ್ಟು, ಹಳೆಯ ಕಡತ, ಕೈಬರಹದ ಪುಸ್ತಕ ಸಿಕ್ಕಿದರೆ ಗುಜರಿಗೆ ಹಾಕಬೇಡಿ. ಕೌಟಿಲ್ಯನ ಅರ್ಥಶಾಸ್ತ್ರ ಮತ್ತೆ ಲೋಕಕ್ಕೆ ಸಿಕ್ಕಿದ್ದು ಹೇಗೆ ಗೊತ್ತಲ್ಲ? ತಂಜಾವೂರು ಕಡೆಯ ಒಬ್ಬ ಪಂಡಿತರು ಮೈಸೂರಿನ ಪ್ರಾಚ್ಯ ಗ್ರಂಥಾಲಯಕ್ಕೆ ತಾಳೆಗರಿ ಕಟ್ಟು ತಂದು ಕೊಟ್ಟರು. ಅಲ್ಲಿದ್ದ ಆರ್. ಶಾಮಾಶಾಸ್ತ್ರಿಗಳು ಅದನ್ನು ಓದಿ ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದರು. ನಮ್ಮ ಸಾಗರದ ಪಕ್ಕದಲ್ಲೇ ಕೆಳದಿಯಲ್ಲಿ ಗುಂಡಾ ಜೋಯಿಸರು ಮನೆ ಮನೆ ತಿರುಗಿ ಇಂಥವನ್ನೇ ಕೂಡಿಸಿದರು, ಅಲ್ಲಿನ ವಸ್ತುಸಂಗ್ರಹಾಲಯದಲ್ಲಿ ನೋಡಬಹುದು. ಬೇಸಾಯದ, ಅಡುಗೆಯ ಹಳೆ ಸಲಕರಣೆಗಳು ಏನಾಗುತ್ತವೆ ಅಂತ ತಿಳಿಯಬೇಕಾದರೆ ರಾಮನಗರದ ಜಾನಪದ ಲೋಕಕ್ಕೆ ಹೋಗಿ ಬನ್ನಿ. ಎಚ್.ಎಲ್. ನಾಗೇಗೌಡರು ಕಟ್ಟಿದ್ದು. ನಿಮ್ಮ ಅಟ್ಟದಲ್ಲಿರುವ ಎಷ್ಟೋ ವಸ್ತುಗಳನ್ನು ಅಲ್ಲಿ ಜನ ನಿಂತು ನೋಡುತ್ತಿರುತ್ತಾರೆ. ಕೊಡುವ ಮೊದಲು ಫೋನ್ ಮಾಡಿ ಕೇಳಿ. ಎಲ್ಲವನ್ನೂ ಎಲ್ಲರೂ ತಗೊಳ್ಳಲು ಆಗುವುದಿಲ್ಲ.

ಈಗ ಬ್ಯಾಂಕಿನವಳಾಗಿ ಸ್ವಲ್ಪ ಮಾತಾಡುತ್ತೇನೆ. ಮನೆ ಬದಲಾಯಿಸುವ ಗಡಿಬಿಡಿಯಲ್ಲಿ "ಹೇಗೂ ಕಾಗದ ತೆಗೆದಿದ್ದೇವೆ, ಆಸ್ತಿಯನ್ನೂ ಬರೆಸಿಕೊಂಡುಬಿಡೋಣ" ಅನ್ನುವ ಮಕ್ಕಳಿದ್ದಾರೆ. ಬೇಡ. ಎರಡನ್ನೂ ಒಟ್ಟಿಗೆ ಮಾಡಬೇಡಿ. ಮನೆ ಬಿಡುವ ದುಃಖದಲ್ಲಿರುವವರ ಕೈಗೆ ಪೆನ್ನು ಕೊಡುವುದು ಸರಿಯಲ್ಲ. ಉಯಿಲು ಬರೆಯಬಹುದು, ಅದನ್ನು ಬದುಕಿರುವ ತನಕ ಎಷ್ಟು ಸಲ ಬೇಕಾದರೂ ಬದಲಾಯಿಸಬಹುದು. ದಾನಪತ್ರ ಹಾಗಲ್ಲ, ನೋಂದಣಿ ಆದರೆ ಆಸ್ತಿ ಕೈಬಿಟ್ಟಿತು. ಹಿರಿಯರೇ, ಮಕ್ಕಳಿಗೆ ದಾನಪತ್ರ ಮಾಡಿಕೊಡುವುದೇ ಆದರೆ, ನನ್ನನ್ನು ನೋಡಿಕೊಳ್ಳಬೇಕು ಅನ್ನುವ ಷರತ್ತು ಆ ಪತ್ರದಲ್ಲೇ ಬರೆದಿರಲಿ. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಮಿನಲ್ಲಿ, ಅಂಥ ಷರತ್ತು ಮುರಿದರೆ ದಾನಪತ್ರ ರದ್ದು ಮಾಡಿಸಲು ಅವಕಾಶ ಇದೆ. ಅರ್ಜಿ ಕೊಡಬೇಕಾದ್ದು ಉಪವಿಭಾಗಾಧಿಕಾರಿಗಳಿಗೆ, ನಾವು ಎಸಿ ಅನ್ನುತ್ತೇವಲ್ಲ, ಅವರಿಗೆ. ಬಾಯಿಮಾತಿನ ಭರವಸೆ ನಂಬಿ ಬರೆದುಕೊಟ್ಟು ಕಷ್ಟಪಟ್ಟವರನ್ನು ನಾನು ಬ್ಯಾಂಕಿನ ಕೌಂಟರಿನಲ್ಲಿ ಕಂಡಿದ್ದೇನೆ. ಸಹಾಯ ಬೇಕಾದರೆ 14567 ಹಿರಿಯರ ಸಹಾಯವಾಣಿ, ಗೋಡೆ ಮೇಲೆ ದೊಡ್ಡದಾಗಿ ಬರೆದಿಡಿ.

ಹಳೆ ಮನೆ ಮಾರಿದ ದುಡ್ಡಿನಲ್ಲಿ ಹೊಸ ಮನೆ ಕೊಂಡರೆ ಅದು ಹಿರಿಯರ ಹೆಸರಿನಲ್ಲೇ ಇರಲಿ. ಮಾರುವ ಒಂದು ವರ್ಷ ಮೊದಲು ಅಥವಾ ಮಾರಿದ ಎರಡು ವರ್ಷದೊಳಗೆ ಬೇರೆ ವಾಸದ ಮನೆ ಕೊಂಡರೆ ಲಾಭದ ಮೇಲಿನ ತೆರಿಗೆಗೆ ವಿನಾಯಿತಿ ಸಿಗುತ್ತದೆ. ಲೆಕ್ಕಪರಿಶೋಧಕರನ್ನು ಮೊದಲೇ ಕೇಳಿ, ಮಾರಿ ಆದಮೇಲಲ್ಲ. ನಮ್ಮ ಹಳ್ಳಿ ಮನೆಯನ್ನು ಚಿಕ್ಕಪ್ಪನ ಮಗ ತಗೊಂಡು ಅಲ್ಲೇ ಇದ್ದಾನೆ. ಬೀಗ ಹಾಕಿ ಬಿಟ್ಟಿದ್ದರೆ ಎರಡು ಮಳೆಗಾಲಕ್ಕೆ ಹೆಂಚು ಜಾರಿ, ಗೆದ್ದಲು ಹಿಡಿದು ಮುಗಿಯುತ್ತಿತ್ತು.

ಪಿಂಚಣಿ ಇದ್ದರೆ ಖಾತೆ ಹೊಸ ಊರಿನ ಶಾಖೆಗೆ ಬರಲಿ. ನವೆಂಬರಿನ ಜೀವಿತ ಪ್ರಮಾಣಪತ್ರವನ್ನು ಈಗ ಮನೆಯಲ್ಲೇ ಮೊಬೈಲಿನಲ್ಲಿ ಮುಖ ತೋರಿಸಿ ಕೊಡಬಹುದು. ಎಂಬತ್ತು ದಾಟಿದ ಕೇಂದ್ರ ಸರ್ಕಾರದ ಪಿಂಚಣಿದಾರರಿಗೆ ಅಕ್ಟೋಬರಿನಿಂದಲೇ ಅವಕಾಶ ಇದೆ. ಗ್ಯಾಸಿನ ಸಿಲಿಂಡರು, ರೆಗ್ಯುಲೇಟರು ಹಳೆ ಏಜೆನ್ಸಿಗೆ ಒಪ್ಪಿಸಿ ವೋಚರ್ ತಗೊಳ್ಳಿ. ವೋಟಿನ ವಿಳಾಸಕ್ಕೆ ನಮೂನೆ 8. ಇವೆಲ್ಲ ಒಂದೊಂದು ದಿನದ ಕೆಲಸ, ಹೆಚ್ಚು ಹೇಳುವುದಿಲ್ಲ.

ಹೊಸ ಮನೆಗೆ ಬಂದ ದಿನದ ಬಗ್ಗೆ ಹೇಳಬೇಕು. ಅಮ್ಮ ಬರುವ ಹಿಂದಿನ ದಿನವೇ ಅವಳ ಕೋಣೆ ಪೂರ್ತಿ ಸಿದ್ಧವಾಗಿತ್ತು. ಹೊಸ ಹಾಸಿಗೆ ತರಲಿಲ್ಲ. ಅದೇ ಮಂಚ, ಅದೇ ಕಂಬಳಿ, ತಲೆ ಹತ್ತಿರ ಅದೇ ಗಡಿಯಾರ. ದೇವರ ಮುಂದೆ ಅದೇ ದೀಪ. ತುಳಸಿ ಗಿಡವನ್ನು ಬುಡದ ಮಣ್ಣಿನ ಸಮೇತ ಒಂದು ಪೇಂಟ್ ಬಕೆಟಿನಲ್ಲಿ ತಂದಿದ್ದೆವು. ಬೆಳಗ್ಗೆ ಹಾಲು ಉಕ್ಕಿಸಿದಳು. ಅಡುಗೆಮನೆ ಜೋಡಿಸಲು ನಾವು ಕೈ ಹಾಕಲಿಲ್ಲ. ಅವಳು ಹೇಳಿದ ಕಡೆ ಇಟ್ಟೆವು ಅಷ್ಟೇ. ಮೇಲಿನ ಕಪಾಟು ಖಾಲಿ ಬಿಟ್ಟೆವು, ಸ್ಟೂಲ್ ಹತ್ತುವ ಪ್ರಸಂಗವೇ ಬರಬಾರದು ಅಂತ.

ಆದರೂ ಒಂದು ಕಡೆ ಎಡವಿದೆವು. ನಾನು ಮೊದಲ ವಾರ ಅವಳ ಕೋಣೆಯಲ್ಲೇ ಮಲಗುತ್ತಿದ್ದೆ. ಮೂರನೇ ರಾತ್ರಿ ಎರಡು ಗಂಟೆಗೆ ಎದ್ದಳು. ಕತ್ತಲಲ್ಲಿ ಎಡಕ್ಕೆ ತಿರುಗಿ ನಾಲ್ಕು ಹೆಜ್ಜೆ ಹೋಗಿ ಗೋಡೆಗೆ ಕೈ ಇಟ್ಟು ಹುಡುಕುತ್ತಿದ್ದಳು. ಹಳೆ ಮನೆಯಲ್ಲಿ ಎಡಕ್ಕೆ ನಾಲ್ಕು ಹೆಜ್ಜೆ ಹೋದರೆ ಹಿತ್ತಿಲ ಬಾಗಿಲು, ಅದರಾಚೆ ಬಚ್ಚಲು. ಇಲ್ಲಿ ಬಚ್ಚಲು ಬಲಕ್ಕೆ. ಕಾಲಿಗೆ ಹಳೆ ದಾರಿ ಗೊತ್ತು, ನಿದ್ದೆಯಲ್ಲಿ ಕಾಲೇ ನಡೆಸುತ್ತದೆ. ಬೆಳಗ್ಗೆ ಎದ್ದು ಮಂಚ ತಿರುಗಿಸಿದೆವು. ಈಗ ಎದ್ದು ಎಡಕ್ಕೆ ತಿರುಗಿದರೆ ಬಚ್ಚಲೇ ಸಿಗುತ್ತದೆ. ದಾರಿಗೆ ರಾತ್ರಿಯಿಡೀ ಉರಿಯುವ ಸಣ್ಣ ದೀಪ ಹಾಕಿದೆವು. ಬಚ್ಚಲಲ್ಲಿ ಕೂತು ಏಳುವ ಕಡೆ ಹಿಡಿಕೆ ಹಾಕಿಸಿದೆವು. ಅವಳನ್ನೇ ಕೂರಿಸಿ, ಕೈ ಎಲ್ಲಿಗೆ ಎಟುಕುತ್ತದೋ ಅಲ್ಲಿ ಸೀಮೆಸುಣ್ಣದಲ್ಲಿ ಗುರುತು ಮಾಡಿ ಆಮೇಲೆ ಹಾಕಿಸಿದ್ದು. ಪ್ಲಂಬರ್ ತನ್ನ ಅಂದಾಜಿಗೆ ಹಾಕಿದರೆ ಅದು ಅವನ ಎತ್ತರಕ್ಕೆ ಬರುತ್ತದೆ.

ಮೊದಲ ಎರಡು ತಿಂಗಳು ಅಮ್ಮನಿಗೆ ನಿದ್ದೆ ಸರಿ ಬರಲಿಲ್ಲ. ಊಟ ಕಡಿಮೆಯಾಯಿತು. ಮನೆ ಬದಲಾದಾಗ ಹಿರಿಯರಿಗೆ ಹೀಗಾಗುವುದು ಎಷ್ಟು ಸಾಮಾನ್ಯ ಅಂದರೆ, ಅಮೆರಿಕದ ದಾದಿಯರ ಸಂಸ್ಥೆ 1992ರಲ್ಲೇ ಅದನ್ನು ದಾದಿಯರು ಗುರುತಿಸಬೇಕಾದ ತೊಂದರೆಗಳ ಪಟ್ಟಿಗೆ ಸೇರಿಸಿ ಒಂದು ಹೆಸರು ಕೊಟ್ಟಿತು. ನಿಧಾನಕ್ಕೆ ಸರಿಹೋಗುತ್ತದೆ. ಆದರೆ ಒಂದು ಎಚ್ಚರ. ನಿನ್ನೆ ತನಕ ಸರಿ ಇದ್ದವರು ಇವತ್ತು ಇದ್ದಕ್ಕಿದ್ದ ಹಾಗೆ ಏನೇನೋ ಮಾತಾಡಿದರೆ, ದಿಕ್ಕು ತಪ್ಪಿದರೆ, ಹೊಸ ಜಾಗ ಅಂತ ಸುಮ್ಮನಿರಬೇಡಿ. ಮೂತ್ರದ ಸೋಂಕು, ಮಾತ್ರೆ ಹೆಚ್ಚುಕಡಿಮೆ ಆದರೂ ವಯಸ್ಸಾದವರಿಗೆ ಹಾಗಾಗುತ್ತದೆ. ಅವತ್ತೇ ಡಾಕ್ಟರಿಗೆ ತೋರಿಸಿ.

ಮೂರನೇ ತಿಂಗಳಿಂದ ಅಮ್ಮ ಸಂಜೆ ನಾದಿನಿಯ ಜೊತೆ ಗಣಪತಿ ಕೆರೆ ತನಕ ನಡೆಯಲು ಶುರು ಮಾಡಿದಳು. ಊರಿನಿಂದ ಬಂದವರು ಕೆಸುವಿನ ಸೊಪ್ಪು, ಬಾಳೆಕಾಯಿ ತಂದು ಕೊಡುತ್ತಾರೆ. ಬಸ್ಸಿಗೆ ಹೊತ್ತಾಯಿತು ಅನ್ನುತ್ತಲೇ ಒಂದು ಗಂಟೆ ಕೂರುತ್ತಾರೆ.

ಕಳೆದ ವರ್ಷ, 2025ರ ಜುಲೈನಲ್ಲಿ ಲಿಂಗನಮಕ್ಕಿ ಹಿನ್ನೀರಿನ ಮೇಲೆ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಶುರುವಾಯಿತು. ಅದಕ್ಕೆ ಮೊದಲು ಸಿಗಂದೂರು ದೇವಸ್ಥಾನಕ್ಕೆ ಹೋಗಬೇಕಾದರೆ ಲಾಂಚ್ ಹತ್ತಬೇಕಿತ್ತು. ಅಮ್ಮ ಲಾಂಚ್ ಹತ್ತುವುದನ್ನು ನಿಲ್ಲಿಸಿ ಹತ್ತು ವರ್ಷವಾಗಿತ್ತು. ಅಕ್ಟೋಬರಿನಲ್ಲಿ ಕರೆದುಕೊಂಡು ಹೋದೆ. ಹಿನ್ನೀರು ತುಂಬಿತ್ತು. ಸೇತುವೆಯ ನಡುವೆ ಬಂದಾಗ "ಸ್ವಲ್ಪ ನಿಧಾನ" ಅಂದಳು. ಕಿಟಕಿ ಇಳಿಸಿ ಬಡಗಣ ಕಡೆ ನೀರಿನತ್ತ ಕೈ ತೋರಿಸಿದಳು. "ಆ ಗುಡ್ಡ ಇದ್ಯಲ್ಲ, ಅದರ ಬುಡದಲ್ಲಿ ಎಲ್ಲೋ ನಮ್ಮ ಬಾವಿ."

ಆಮೇಲೆ ತಾನಾಗಿಯೇ ಹಂಡೆಯ ವಿಷಯ ತೆಗೆದಳು. ಎರಡೂಮುಕ್ಕಾಲು ವರ್ಷದಲ್ಲಿ ಅದೇ ಮೊದಲು. ಲಾರಿಯಲ್ಲಿ ಹೆಂಗಸರಿಗೆ ಕೂರಲು ಜಾಗ ಇರಲಿಲ್ಲವಂತೆ. ಅಜ್ಜಿ ದೇವರ ದೀಪಗಳನ್ನು ಹುಲ್ಲಿನಲ್ಲಿ ಸುತ್ತಿ ಹಂಡೆಯೊಳಗೆ ಇಟ್ಟು, ಬಾಯಿಗೆ ಮಣೆ ಮುಚ್ಚಿ, ಅಮ್ಮನನ್ನು ಅದರ ಮೇಲೆ ಕೂರಿಸಿದರಂತೆ. "ದಾರಿಯಿಡೀ ಹಂಡೆ ತಬ್ಬಿಕೊಂಡು ಕೂತಿದ್ದೆ. ಬಿದ್ದುಹೋಗ್ತೇನೆ ಅಂತ ಹೆದರಿಕೆ" ಅಂದಳು.

ಆ ರಾತ್ರಿ ಸಾಗರದ ಮನೆಯಲ್ಲಿ ನೋಟ್‌ಬುಕ್ ತೆಗೆದೆ. ಕೊನೆಯ ಪುಟದಲ್ಲಿ ಜಾಗ ಇತ್ತು. ಮೊದಲ ಅಂಕಣದಲ್ಲಿ ತಾಮ್ರದ ಹಂಡೆ ಅಂತ ಬರೆದೆ. ಎರಡನೆಯದರಲ್ಲಿ ಅವಳು ಹೇಳಿದ್ದನ್ನೆಲ್ಲ ಬರೆದೆ, ಐದಾರು ಸಾಲು ಆಯಿತು. ಅಮ್ಮ ಪಕ್ಕದಲ್ಲಿ ಕೂತು ಓದಿಸಿ ಕೇಳಿದಳು. ಮಣೆ ಹಲಸಿನದು, ಅದನ್ನೂ ಬರೆ ಅಂದಳು. ಬರೆದೆ. ಮೂರನೇ ಅಂಕಣ ಹಾಗೇ ಬಿಟ್ಟಿದ್ದೇನೆ.